ಲುತ್ಫಾಳ ಲೆಕ್ಕದಲ್ಲಿ ಮುಳುಗದ ಊರು

ಲುತ್ಫುನ್ನೆಸಾ ಢಾಕಾದ ನಮ್ಮ ಸಂಸ್ಥೆಗೆ ಬಂದಾಗ ಮೇಘನಾ ನದಿಯ ಅಳಿವೆಯ ಕಂಪ್ಯೂಟರ್ ಮಾಡೆಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದನ್ನು ಕಟ್ಟಿದ ಹುಡುಗ ಚಿತ್ತಗಾಂಗಿನ ಬಂದರಿನಲ್ಲಿ ಕೆಲಸ ಸಿಕ್ಕಿತೆಂದು ಅರ್ಧಕ್ಕೇ ಬಿಟ್ಟು ಹೋಗಿದ್ದ. ಉಳಿದವರಿಗೆ ಅವರವರ ಸೇತುವೆ, ಅವರವರ ಕಾಲುವೆಗಳಿದ್ದವು. ಹೊಸದಾಗಿ ಬಂದವಳಿಗೆ ಬೇರೆ ಕೆಲಸವಿರಲಿಲ್ಲವಾದ್ದರಿಂದ ಅದು ಅವಳ ಪಾಲಿಗೆ ಬಂತು.

ನಾನು ಅಳತೆ ವಿಭಾಗದವನು. ಚಳಿಗಾಲಕ್ಕೊಮ್ಮೆ, ಮಳೆಗಾಲಕ್ಕೊಮ್ಮೆ ಲಾಂಚಿನಲ್ಲಿ ಅಳಿವೆಗೆ ಹೋಗಿ ನೀರಿನ ಆಳ, ಸೆಳವು, ನೀರಿನಲ್ಲಿ ತೇಲುವ ಹೂಳು ಇವನ್ನು ಅಳೆದು ತರುವುದು ನನ್ನ ಕೆಲಸ. ಸೀಸೆಗಳಲ್ಲಿ ತುಂಬಿ ತಂದ ನೀರನ್ನು ಸೋಸಿ, ಉಳಿದ ಹೂಳನ್ನು ಒಣಗಿಸಿ ತೂಗುತ್ತಾರೆ. ಆ ಅಂಕಿಗಳನ್ನು ಕೊಡಲು ಲುತ್ಫಾಳ ಕೋಣೆಗೆ ಹೋಗುತ್ತಿದ್ದೆ. ಕ್ರಮೇಣ ಚಹಾಕ್ಕೂ ಹೋಗತೊಡಗಿದೆ. ಅವಳ ವಿಚಾರವಾಗಿ ನನಗೆ ತಿಳಿದಿರುವುದೆಲ್ಲ ಆ ಕೋಣೆಯಲ್ಲಿ ಮತ್ತು ಲಾಂಚಿನಲ್ಲಿ ಕಂಡದ್ದು, ಕೇಳಿದ್ದು.

ಅವಳಿಗೆ ಕೊಟ್ಟ ಕೆಲಸ ಹೇಳಲು ಸುಲಭ. ಹಳೆಯ ಸಮೀಕ್ಷೆಯ ನಕ್ಷೆಯಿಂದ ಶುರುಮಾಡಿ, ಕಂಪ್ಯೂಟರಿನೊಳಗಿನ ಅಳಿವೆಗೆ ಭರತ, ಇಳಿತ, ಮಳೆಗಾಲದ ನೆರೆ ಎಲ್ಲವನ್ನೂ ಕೊಟ್ಟು ವರ್ಷಗಟ್ಟಲೆ ಹರಿಯಲು ಬಿಡಬೇಕು. ಕೊನೆಗೆ ಅದು ಬರೆಯುವ ನಕ್ಷೆ ಹೊಸ ಸಮೀಕ್ಷೆಯ ನಕ್ಷೆಯನ್ನು ಹೋಲಬೇಕು. ಹೋಲುವುದಿಲ್ಲ. ಆಗ ಹೂಳು ಎಷ್ಟು ಬೇಗ ತಳಕ್ಕಿಳಿಯುತ್ತದೆ, ತಳದ ಕೆಸರು ಎಂಥ ಸೆಳವಿಗೆ ಎದ್ದೇಳುತ್ತದೆ, ದಂಡೆಯ ಮಣ್ಣು ಎಷ್ಟು ಗಟ್ಟಿ ಎಂಬ ಅಂಕಿಗಳನ್ನು ತುಸು ಹಿಂದೆ ಮುಂದೆ ಸರಿಸಿ ಮತ್ತೆ ಹರಿಯಲು ಬಿಡಬೇಕು. ನಡೆದುಹೋದದ್ದನ್ನು ಸರಿಯಾಗಿ ಹೇಳಲು ಕಲಿತ ಮೇಲೆಯೇ ಮಾಡೆಲ್ಲಿನ ಮುಂದಿನ ಮಾತಿಗೆ ಬೆಲೆ.

ಮೊದಲ ಸಲ ಲುತ್ಫಾ ಹರಿಯಲು ಬಿಟ್ಟಾಗ ಅಳಿವೆ ಪೂರ್ತಿ ಹೂಳಿನಲ್ಲಿ ಹೂತುಹೋಯಿತು. ನಮ್ಮ ವಿಭಾಗದ ಮುಖ್ಯಸ್ಥರಾದ ತಾಲುಕ್ದಾರರು ಅವಳ ಹೆಗಲ ಹಿಂದೆ ನಿಂತು ಪರದೆ ನೋಡಿದರು.

"ಏನಮ್ಮಾ, ಬಂಗಾಳ ಕೊಲ್ಲೀನೇ ಮುಚ್ಚಿಬಿಟ್ಟಿದೀಯಲ್ಲ. ಇನ್ಮೇಲೆ ಸಂದ್ವೀಪಕ್ಕೆ ರಿಕ್ಷಾದಲ್ಲೇ ಹೋಗ್ಬಹುದು."

"ಹೂಳು ಬೇಗ ಕೆಳಗಿಳೀತಿದೆ ಸರ್. ಕಮ್ಮಿ ಮಾಡ್ತೀನಿ."

"ಮಾಡು. ಆದ್ರೆ ಜಾಸ್ತಿ ಕಮ್ಮಿ ಮಾಡ್ಬೇಡ. ಹಿಂದಿದ್ದ ಹುಡುಗ ಒಂದ್ಸಲ ಭೋಲಾ ದ್ವೀಪಾನೇ ತೊಳ್ದು ಹಾಕಿದ್ದ. ನಮ್ಮತ್ತೆ ಮನೆ ಅಲ್ಲೇ ಇರೋದು. ನಾನೇನೂ ಬೇಜಾರು ಮಾಡ್ಕೊಳ್ಳಲಿಲ್ಲ ಅನ್ನು."

ಲುತ್ಫಾ ನಗಲಿಲ್ಲ. ಅವಳು ನಗುವುದು ಕಡಿಮೆ, ಮಾತೂ ಕಡಿಮೆ. ಊಟದ ಡಬ್ಬಿಯಲ್ಲಿ ಅನ್ನ, ಬೇಳೆ, ಬೇಯಿಸಿ ಹಿಸುಕಿದ ಯಾವುದಾದರೊಂದು ಭೊರ್ತಾ ತಂದು ಪರದೆಯ ಮುಂದೆಯೇ ಉಣ್ಣುತ್ತಿದ್ದಳು. ಮೀರ್‌ಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಊರು ಹಾತಿಯಾ ದ್ವೀಪ, ಅಷ್ಟು ಮಾತ್ರ ಎಲ್ಲರಿಗೂ ಗೊತ್ತಿತ್ತು. ಮನೆಯಿಂದ ಫೋನು ಬಂದಾಗ ಅವಳ ಬಾಯಿಂದ ಗಟ್ಟಿದನಿಯ ನೋವಾಖಾಲಿ ಮಾತು ಹೊರಡುತ್ತಿತ್ತು. ಪಕ್ಕದ ಕೋಣೆಯವರು ಜಗಳವಾಗುತ್ತಿದೆ ಎಂದುಕೊಂಡು ಇಣುಕುತ್ತಿದ್ದರು. ಅವಳು ಕೇಳುತ್ತಿದ್ದುದು ಎಮ್ಮೆ ಕರು ಹಾಕಿತೇ ಎಂದಷ್ಟೇ.

ಮಾಡೆಲ್ ನಿಧಾನವಾಗಿ ದಾರಿಗೆ ಬಂತು. ಮೊದಲು ನೀರಿನ ಮಟ್ಟ ಹೊಂದಿತು, ಆಮೇಲೆ ಸೆಳವು. ಹೂಳಿನ ಅಂಕಿ ಬಹಳ ಕಾಡಿತು. ನಾನು ತಂದ ಸೀಸೆಗಳದ್ದೇ ತಪ್ಪಿರಬಹುದೆಂದು ಅವಳು ಒಮ್ಮೆ ಅಂದದ್ದರಿಂದ ನಾವು ಒಂದು ವಾರ ಮಾತು ಬಿಟ್ಟಿದ್ದೆವು. ಕೊನೆಗೆ ಅದೂ ಹೊಂದಿತು. ಸಂದ್ವೀಪ, ಮನ್‌ಪುರಾ, ರಾಮ್‌ಗತಿಯ ದಂಡೆ, ದಕ್ಷಿಣದ ಚರ್‌ಗಳು, ಅಂದರೆ ಹೂಳು ಕೂತು ನೀರಿನಿಂದ ಎದ್ದ ನೆಲಗಳು, ಎಲ್ಲವೂ ಇರಬೇಕಾದಲ್ಲಿ ಬಂದವು. ಒಂದು ಜಾಗ ಬಿಟ್ಟು. ಹಾತಿಯಾದ ಉತ್ತರದ ತುದಿ ನಿಜದಲ್ಲಿ ನದಿ ಪಾಲಾಗಿ ಎಷ್ಟೋ ವರ್ಷವಾಗಿತ್ತು. ಮಾಡೆಲ್ಲಿನಲ್ಲಿ ಅದು ಹಸಿರಾಗಿ ಗಟ್ಟಿಯಾಗಿ ನಿಂತೇ ಇತ್ತು.

ವಾರದ ಸಭೆಯಲ್ಲಿ ತಾಲುಕ್ದಾರರು ಪೆನ್ನಿನ ತುದಿಯಿಂದ ಅಲ್ಲಿಗೆ ಚುಚ್ಚಿದರು. "ಎಲ್ಲಾ ಸರಿಹೋಯ್ತು, ಈ ಮೂಲೆ ಮಾತ್ರ ಮೊಂಡಾಟ ಮಾಡ್ತಿದೆ. ಏನ್ ಮಾಡಿದ್ರೂ ಮುಳುಗ್ತಿಲ್ಲ. ಯಾವೂರಮ್ಮಾ ಇದು?"

"ಹೊಗ್ಲಾಕಾಂದಿ," ಅಂದಳು ಲುತ್ಫಾ. "ಮುಳುಗಿಸ್ತೀನಿ ಸರ್."

ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಅವಳು ಪರದೆಯ ಮೇಲಿನ ಆ ಮೂಲೆಯನ್ನು ದೊಡ್ಡದು ಮಾಡಿದಳು. ಮಾಡೆಲ್ ಇಡೀ ಅಳಿವೆಯನ್ನು ಚೌಕ ಚೌಕವಾಗಿ ಕತ್ತರಿಸಿರುತ್ತದೆ.

"ಈ ಚೌಕ ಇದೆಯಲ್ಲ ಹಾರೂನ್ ಭಾಯ್, ಇದು ನಮ್ಮನೆ. ಪಕ್ಕದ್ರಲ್ಲಿ ಮಸೀದಿ, ಖಬರಸ್ತಾನ. ಅಬ್ಬಾನ್ನ ಅಲ್ಲೇ ಮಣ್ಣು ಮಾಡಿದ್ದು."

"ತಾಲುಕ್ದಾರ್ ಸಾಹೇಬ್ರಿಗೆ ಹೇಳ್ಬಾರ್ದಾಗಿತ್ತಾ?" ಎಂದೆ.

"ಹೇಳಿ? ಬೇರೆಯವ್ರಿಗೆ ಕೊಡ್ತಾರೆ. ಅವ್ರು ಮುಳುಗಿಸ್ತಾರೆ. ಎರಡೂ ಒಂದೇ ಅಲ್ವಾ?"

ಆ ದಿನವೇ ಅವಳ ಮನೆಯ ಕಥೆ ನನಗೆ ಗೊತ್ತಾದದ್ದು. ಅವಳು ಹುಟ್ಟುವ ಮೊದಲೇ ಒಮ್ಮೆ ನದಿ ಮನೆ ಮುರಿದಿತ್ತು. ಅಪ್ಪ ತಗಡು, ಕಂಬ, ಬಾಗಿಲು ಬಿಚ್ಚಿಕೊಂಡು ಹಿಂದಕ್ಕೆ ಸರಿದು ಹೊಗ್ಲಾಕಾಂದಿಯಲ್ಲಿ ಮನೆ ಹೂಡಿದ. ಅವಳು ಶಾಲೆಗೆ ಹೋಗುವ ಕಾಲಕ್ಕೆ ನದಿ ಮತ್ತೆ ಹತ್ತಿರ ಬಂದಿತ್ತು. ಅಪ್ಪ ತೀರಿಹೋದ ಮರುವರ್ಷ ಖಬರಸ್ತಾನ ಹೋಯಿತು, ಅದರ ಹಿಂದೆಯೇ ಮನೆ. ಅಮ್ಮ ಸಖೀನಾ ಮತ್ತು ಅಣ್ಣ ಮೊಫೀಜ್ ಆಗಿನಿಂದ ದ್ವೀಪದ ಒಡ್ಡಿನ ಇಳಿಜಾರಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಲುತ್ಫಾ ಚಿಕ್ಕಮ್ಮನ ಜತೆ ಢಾಕಾಕ್ಕೆ ಬಂದು ಓದಿದಳು. ಇದನ್ನೆಲ್ಲ ಅವಳು ಹೇಳಿದ್ದು ಬಸ್ಸು ತಡವಾಯಿತೆಂದು ಹೇಳುವ ಹಾಗೆ. ಅವಳ ಕಡೆಯವರಲ್ಲಿ ಮೂರು ಸಲ ಮನೆ ಮುರಿಸಿಕೊಂಡವರನ್ನು ಯಾರೂ ವಿಶೇಷವಾಗಿ ಕಾಣುವುದಿಲ್ಲ.

ಉತ್ತರದ ದಂಡೆಯ ಮಣ್ಣಿಗೆ ಕೊಟ್ಟ ಗಟ್ಟಿತನದ ಅಂಕಿ ಎಲ್ಲಿಂದ ಬಂತೆಂದು ಹುಡುಕಿದಾಗ ಹಿಂದಿನ ಹುಡುಗ ಅದನ್ನು ರಾಮ್‌ಗತಿಯ ಮಣ್ಣಿನಿಂದ ಎತ್ತಿಕೊಂಡಿದ್ದು ತಿಳಿಯಿತು. ಅಂಕಿಯನ್ನು ಸುಮ್ಮನೆ ಇಳಿಸಿದ್ದರೆ ಊರು ಬಿದ್ದುಹೋಗುತ್ತಿತ್ತು. ಲುತ್ಫಾ ಒಪ್ಪಲಿಲ್ಲ. "ಬೀಳ್ಬೇಕು ಅಂತ ಬೀಳಿಸಿದ್ರೆ ಅದೇನು ಲೆಕ್ಕ? ಮಣ್ಣು ತರ್ಬೇಕು," ಎಂದು ಆ ಚಳಿಗಾಲದ ಲಾಂಚಿಗೆ ತಾನೂ ಹತ್ತಿದಳು.

ಹಾತಿಯಾದ ಉಳಿದ ದಂಡೆಯಲ್ಲಿ ನಾವು ಮಣ್ಣಿನ ಗಡ್ಡೆಗಳನ್ನು ಕತ್ತರಿಸಿ ಪೆಟ್ಟಿಗೆಗೆ ತುಂಬಿದೆವು. ಇಳಿತದಲ್ಲಿ ದಂಡೆ ಗೋಡೆಯಂತೆ ನಿಂತಿರುತ್ತದೆ. ಮೇಲೆ ಬಾಳೆಗಿಡ, ಯಾರದೋ ಅಡುಗೆಮನೆ, ಕೆಳಗೆ ಬೇರುಗಳು ಗಾಳಿಗೆ ಜೋತಾಡುತ್ತಿರುತ್ತವೆ. ಮಣ್ಣು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಕೆಲಸ ಮುಗಿದ ಮೇಲೆ ಅವಳು ಲಾಂಚಿನವನಿಗೆ ಉತ್ತರಕ್ಕೆ ಇನ್ನಷ್ಟು ಹೋಗಲು ಹೇಳಿದಳು. ನೀರಿನ ನಡುವೆ ಒಂದು ಕಡೆ ನಿಲ್ಲಿಸಿ ಎಂದಳು. ಸುತ್ತ ಏನೂ ಇರಲಿಲ್ಲ. ದೂರದಲ್ಲೊಂದು ಹಿಲ್ಸಾ ಮೀನು ಹಿಡಿಯುವ ದೋಣಿ.

"ನಮ್ಮ ಪಟ್ಟೀಲಿ ಇಲ್ಲಿ ಅಳತೆ ಜಾಗ ಇಲ್ವಲ್ಲ," ಎಂದೆ.

"ಇಲ್ಲ. ತಳದ ಮಣ್ಣು ಒಂದ್ಸಲ ತೆಗೀರಿ ಹಾರೂನ್ ಭಾಯ್. ಇಷ್ಟು ದೂರ ಬಂದಿದೀವಿ."

ತಳದ ಕೆಸರನ್ನು ಕಚ್ಚಿ ತರುವ ಕಬ್ಬಿಣದ ಬಾಯಿಯನ್ನು ಇಳಿಸಿದೆವು. ಹಗ್ಗ ಬಹಳ ಹೊತ್ತು ಇಳಿಯಿತು. ಮೇಲೆ ಬಂದದ್ದು ನುಣ್ಣನೆಯ ಹೊಸ ಹೂಳು; ಇಟ್ಟಿಗೆ ಚೂರಿಲ್ಲ, ಬೇರಿಲ್ಲ, ಏನಿಲ್ಲ. ಅವಳು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದು ಇಲ್ಲೀದಲ್ಲ," ಎಂದು ನೀರಿಗೆ ಸುರಿದಳು. ಕೈ ತೊಳೆದುಕೊಂಡು, ಚಹಾ ಇದೆಯೇ ಎಂದು ಕೇಳಿದಳು.

ಢಾಕಾದಲ್ಲಿ ಮಣ್ಣಿನ ಪರೀಕ್ಷೆಯಾಯಿತು. ರಾಮ್‌ಗತಿಯ ಮಣ್ಣಿನ ಅರ್ಧದಷ್ಟೂ ಗಟ್ಟಿ ಇರಲಿಲ್ಲ. ಹೊಸ ಅಂಕಿ ಕೊಟ್ಟು ಹರಿಯಲು ಬಿಟ್ಟ ದಿನ ನಾನು ಕೋಣೆಯಲ್ಲಿದ್ದೆ. ಮಾಡೆಲ್ ವರ್ಷದಿಂದ ವರ್ಷಕ್ಕೆ ಚಿತ್ರಗಳನ್ನು ತೋರಿಸುತ್ತಾ ಹೋಯಿತು. ಉತ್ತರದ ತುದಿ ಮೊದಲು ಅಂಚಿನಲ್ಲಿ ತಿಂದುಹೋಯಿತು, ಆಮೇಲೆ ಮಸೀದಿಯ ಚೌಕ ನೀಲಿಯಾಯಿತು, ಆಮೇಲೆ ಅವಳ ಮನೆ. ಮನೆ ನಿಜವಾಗಿ ಹೋದ ವರ್ಷಕ್ಕೂ ಲೆಕ್ಕದಲ್ಲಿ ಹೋದದ್ದಕ್ಕೂ ಒಂದೇ ಮಳೆಗಾಲದ ವ್ಯತ್ಯಾಸವಿತ್ತು.

"ಹೊಂದ್ತು," ಅಂದಳು.

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಹೊಂದಿಸಲು ಬಳಸದ ಬೇರೆ ವರ್ಷಗಳ ಮೇಲೆ ಮಾಡೆಲ್ಲನ್ನು ಪರೀಕ್ಷಿಸಬೇಕಿತ್ತು. ಸೆಳವು ಬದಲಿಸಿ, ಹೂಳು ಬದಲಿಸಿ ಮತ್ತೆ ಮತ್ತೆ ಬಿಟ್ಟಳು. ಆ ತಿಂಗಳುಗಳಲ್ಲಿ ಅವಳು ತನ್ನ ಮನೆಯನ್ನು ಎಷ್ಟು ಸಲ ಮುಳುಗಿಸಿದಳೋ. ಮುಳುಗಿದರೆ ಲೆಕ್ಕ ಸರಿ. ಮುಳುಗದಿದ್ದರೆ ಎಲ್ಲೋ ತಪ್ಪಿದೆ ಎಂದು ಹುಡುಕುತ್ತಿದ್ದಳು. ವರದಿ ಒಪ್ಪಿಗೆಯಾದ ದಿನ ತಾಲುಕ್ದಾರರು ಎಲ್ಲರಿಗೂ ರಸಮಲಾಯಿ ತರಿಸಿದರು. ಅವಳು ತನ್ನ ಪಾಲಿನದನ್ನು ತಿಂದು, ನನ್ನದರಲ್ಲೂ ಅರ್ಧ ತಿಂದಳು. ಅಷ್ಟು ಹೊತ್ತಿಗೆ ಯಾರೋ ತಾಲುಕ್ದಾರರಿಗೆ ಹೊಗ್ಲಾಕಾಂದಿಯ ವಿಷಯ ಹೇಳಿಬಿಟ್ಟಿದ್ದರು. ಅವರು ಅವಳನ್ನು ಕರೆದು ಏನೋ ಹೇಳಲು ಹೋಗಿ, ಕನ್ನಡಕ ಒರೆಸಿಕೊಂಡು, "ನಾನು ಮೊಂಡಾಟ ಅಂದಿದ್ದೆ, ಅಲ್ವಾ?" ಎಂದರು.

"ನಮ್ಮೂರಿನೋರು ಮೊಂಡರೇ ಸರ್," ಅಂದಳು.

ಮುಂದಿನ ವರ್ಷಗಳ ಚಿತ್ರ ಬರೆಯುವ ಕೆಲಸ ಶುರುವಾಯಿತು. ಹಾತಿಯಾದ ಆಗ್ನೇಯಕ್ಕೆ ಹೊಸ ನೆಲ ಏಳುತ್ತದೆ ಎಂದು ಮಾಡೆಲ್ ಹೇಳಿತು. ಅಂಥ ಸುದ್ದಿ ಕಚೇರಿಯ ಕಪಾಟಿನಲ್ಲಿ ಉಳಿಯುವುದಿಲ್ಲ. ಒಂದು ಬೆಳಗ್ಗೆ ಸದರ್‌ಘಾಟಿಗೆ ಬಂದ ಲಾಂಚಿನಿಂದ ಇಳಿದು ಮೊಫೀಜ್ ನೇರವಾಗಿ ನಮ್ಮ ಕಚೇರಿಗೆ ಬಂದ. ಒಂದು ಕೈಯಲ್ಲಿ ಎಮ್ಮೆಮೊಸರಿನ ಮಣ್ಣಿನ ಗಡಿಗೆ, ಇನ್ನೊಂದು ಕೈಯಲ್ಲಿ ಅಮ್ಮ. ಸಖೀನಾ ಬೀಬಿ ಕಪ್ಪು ಬುರ್ಖಾದಲ್ಲಿ ಸಣ್ಣಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಫ್ಯಾನಿನ ಗಾಳಿ ಅವರಿಗೆ ಆಗುತ್ತಿರಲಿಲ್ಲ.

ಮೊಫೀಜ್ ಸುತ್ತಿ ಬಳಸಿ ಮಾತಾಡುವವನಲ್ಲ. "ಲುತ್ಫಾ, ಚರ್ ಎಲ್ಲಿ ಏಳ್ತೈತೆ ಅಂತ ತೋರ್ಸು. ಮೊದ್ಲು ಎಮ್ಮೆ ಬಿಟ್ಟೋನ್ದೇ ಅಲ್ಲಿ ಮಾತು ನಡೆಯೋದು. ಆಮೇಲೆ ಬಂದೋನು ಅವ್ನ ಕಾಲು ಒತ್ಬೇಕು."

"ಮಿಯಾಭಾಯ್, ಇದು ಲೆಕ್ಕ. ಒಂದೆರಡು ಕಿಲೋಮೀಟರ್ ಆಚೀಚೆ ಆಗ್ಬಹುದು."

"ಎರಡು ಕಿಲೋಮೀಟರ್ ಅಂದ್ರೆ ನಮ್ಮೂರು ಪೂರಾ ಆಯ್ತಲ್ಲೇ. ಮನೆ ಬೀಳ್ಸೋವಾಗ ಮಾತ್ರ ನಿನ್ನ ಲೆಕ್ಕ ಗೆರೆ ಎಳ್ದಂಗೆ ಕರೆಕ್ಟು. ಅದಕ್ಕೆ ಸಿಹಿ ಬೇರೆ ಹಂಚಿದ್ರಂತೆ. ನೆಲ ಕೊಡೋವಾಗ ಆಚೀಚೆ."

ಲುತ್ಫಾ ನನ್ನ ಕಡೆ ನೋಡಿದಳು. ಸಿಹಿಯ ವಿಷಯ ಅವಳೇ ಫೋನಿನಲ್ಲಿ ಹೇಳಿದ್ದಿರಬೇಕು. ಎದ್ದು ತಾಲುಕ್ದಾರರ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು, ಅಣ್ಣ ಬಂದಿದ್ದಾನೆ, ಚಿತ್ರ ತೋರಿಸಬಹುದೇ ಎಂದು ಕೇಳಿದಳು. ವರದಿ ಆಗಲೇ ಸರ್ಕಾರದ ಕೈ ಸೇರಿತ್ತು, ಮುಚ್ಚುಮರೆಯೇನೂ ಇರಲಿಲ್ಲ. ಆದರೂ ಅವರು ಸ್ವಲ್ಪ ಯೋಚಿಸಿದರು.

"ತೋರ್ಸು. ಆದ್ರೆ ಒಂದನ್ನೇ ತೋರ್ಸಬೇಡ. ಎಲ್ಲಾನೂ ತೋರ್ಸು."

ಎಲ್ಲಾ ಎಂದರೆ, ಹಿಂದಿನದನ್ನು ಸರಿಯಾಗಿ ಹೇಳಿದ ಲೆಕ್ಕಗಳು ಒಂದಲ್ಲ, ಹಲವು. ಅಂಕಿಗಳನ್ನು ಬೇರೆ ಬೇರೆ ರೀತಿ ಕೂಡಿಸಿದರೂ ಹೊಗ್ಲಾಕಾಂದಿ ಅದೇ ಕಾಲಕ್ಕೆ ಮುಳುಗುತ್ತಿತ್ತು. ಆದರೆ ಮುಂದೆ ಏಳುವ ನೆಲ ಒಂದೊಂದರಲ್ಲಿ ಒಂದೊಂದು ಕಡೆ. ಲುತ್ಫಾ ಅವನ್ನೆಲ್ಲ ಮುದ್ರಿಸಿ ಮೇಜಿನ ಮೇಲೆ ಹರಡಿದಳು. ಮೊಫೀಜ್ ಇಸ್ಪೀಟೆಲೆ ನೋಡುವವನ ಹಾಗೆ ಒಂದೊಂದನ್ನೇ ಎತ್ತಿ ನೋಡಿದ.

"ಇದ್ರಲ್ಲಿ ಯಾವ್ದು ನಿಜ?"

"ಗೊತ್ತಿಲ್ಲ."

"ನಿನ್ ಮನ್ಸಿಗೆ ಯಾವ್ದು ಅನ್ಸುತ್ತೆ?"

"ನನ್ ಮನ್ಸು ಕೇಳ್ಬೇಡ. ಆಮೇಲೆ ನೀನು ಅಲ್ಲಿಗೇ ಹೋಗ್ತೀಯ."

"ನಮ್ಮ ಮಣ್ಣೇ ಕೊಚ್ಕೊಂಡು ಹೋಗಿ ಅಲ್ಲಿ ಕೂತಿರೋದು. ನ್ಯಾಯವಾಗಿ ಅದು ನಮ್ಮ ಜಾಗ."

"ನಮ್ದು ಒಂದು ಚಿಟಿಕೆ ಇದ್ದೀತು. ಉಳಿದಿದ್ದೆಲ್ಲ ಅಸ್ಸಾಮಿಂದ, ಬಿಹಾರದಿಂದ ಬಂದಿದ್ದು ಮಿಯಾಭಾಯ್."

"ಹಂಗಾದ್ರೆ ಅಸ್ಸಾಮಿನೋರು ಎಮ್ಮೆ ಹೊಡ್ಕೊಂಡು ಬರೋಕೆ ಮುಂಚೆ ನಾನು ಹೋಗ್ತೀನಿ ಬಿಡು."

ನಾವೆಲ್ಲ ನಕ್ಕೆವು. ಸಖೀನಾ ಬೀಬಿ ನಗಲಿಲ್ಲ. ಅವರ ಕಣ್ಣು ಪರದೆಯ ಮೇಲಿತ್ತು.

"ನಮ್ಮೂರು ಇದ್ರೊಳಗೆ ಐತಂತಲ್ಲ," ಎಂದರು. "ಎಲ್ಲಿ?"

ಲುತ್ಫಾ ಹಳೆಯ ನಕ್ಷೆ ತೆರೆದು ಬೆರಳಿಟ್ಟು ತೋರಿಸಿದಳು. ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. ಒಂದು ಹಸಿರು ಚೌಕ, ಅದರ ಪಕ್ಕ ಇನ್ನೊಂದು ಹಸಿರು ಚೌಕ.

"ನಿಮ್ಮಪ್ಪನ ಖಬರೂ ಹೋಗ್ತೈತಾ ಇದ್ರಲ್ಲಿ?"

"ಹೋಗುತ್ತೆ ಅಮ್ಮಾ."

"ಹೋಗ್ದಂಗೆ ಮಾಡೋಕೆ ಬರಲ್ವಾ?"

"ಬರುತ್ತೆ. ಅದು ತಪ್ಪು ಲೆಕ್ಕ."

"ಇರ್ಲಿ. ತೋರ್ಸು."

ಲುತ್ಫಾ ಹಿಂದಿನ ಹುಡುಗನ ಅಂಕಿಯನ್ನೇ ಮತ್ತೆ ಕೊಟ್ಟಳು. ಅದು ಹರಿದು ಮುಗಿಯಲು ಮಧ್ಯಾಹ್ನದವರೆಗೆ ಹಿಡಿಯಿತು. ಅಷ್ಟರಲ್ಲಿ ಅವರಿಗೆ ಕ್ಯಾಂಟೀನಿನಿಂದ ಖಿಚುಡಿ ತರಿಸಿದೆವು. ಮೊಸರಿನ ಗಡಿಗೆ ಇಡೀ ಮಹಡಿಗೆ ಹಂಚಿಹೋಯಿತು. ಆಮೇಲೆ ಅಮ್ಮ ಮಗಳು ಪರದೆಯ ಮುಂದೆ ಕೂತರು. ವರ್ಷಗಳು ಕಳೆದವು. ಊರು ನಿಂತೇ ಇತ್ತು. ಕೊನೆಯ ವರ್ಷ ಬಂದಾಗ ಲುತ್ಫಾ ಮೇಲಿನ ಮೂಲೆ ತೋರಿಸಿ, "ನೋಡು, ಇದ್ರಲ್ಲಿ ಇನ್ಮುಂದೆ ಸೆಳವು ಬೇರೆ ಕಡೆ ತಿರುಗುತ್ತೆ. ನದಿ ನಮ್ಮನ್ನ ಬಿಟ್ಟು ರಾಮ್‌ಗತಿ ತಿನ್ನುತ್ತೆ," ಎಂದಳು. ತಪ್ಪು ಲೆಕ್ಕ ಏಕೆ ತಪ್ಪೆಂದು ವಿವರಿಸುವುದು ಅವಳ ಅಭ್ಯಾಸ.

"ರಾಮ್‌ಗತೀಲಿ ನಿನ್ ಅಜ್ಜಿ ಮನೆ ಅಲ್ವೇನೇ," ಅಂದರು ಅಮ್ಮ. "ಸಾಕು, ಆರ್ಸು."

ಮೊಫೀಜ್ ಚಿತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಮಡಚಿ ಜೇಬಿಗಿಟ್ಟ. ಅದನ್ನೇ ಏಕೆ ಎಂದು ನಾನು ಕೇಳಿದೆ. ಅದರಲ್ಲಿ ಏಳುವ ಚರ್ ದೋಣಿಯಲ್ಲಿ ಹೋಗಿಬರಲು ಹತ್ತಿರವಂತೆ. ದಿನವೂ ಹಾಲು ಸಾಗಿಸಬೇಕಲ್ಲ, ಎಂದ. ಲುತ್ಫಾ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸಂಜೆಯ ಲಾಂಚಿಗೆ ಇಬ್ಬರನ್ನೂ ಹತ್ತಿಸಿ ಬಂದಳು.

ನೆಲ ಎದ್ದಿತು. ಆದರೆ ಮೊಫೀಜ್ ಕಾದಿದ್ದ ಜಾಗದಲ್ಲಲ್ಲ, ಅಷ್ಟು ಬೇಗವೂ ಅಲ್ಲ. ಅವನು ಎರಡು ಬೇಸಿಗೆ ದೋಣಿ ತೆಗೆದುಕೊಂಡು ಹೋಗಿ ಮೊಣಕಾಲು ಕೆಸರಲ್ಲಿ ನಿಂತು ವಾಪಸು ಬಂದ. ಮೂರನೆಯ ಬೇಸಿಗೆ ಇನ್ನೂ ಪೂರ್ವಕ್ಕೆ, ಮೇಜಿನ ಮೇಲಿದ್ದ ಬೇರೊಂದು ಚಿತ್ರದಲ್ಲಿದ್ದ ಕಡೆ, ಭರತದಲ್ಲೂ ಮುಳುಗದ ನೆಲ ಕಂಡಿತು. ಅಷ್ಟರಲ್ಲಿ ಅಲ್ಲಿ ಬೇರೆಯವರ ಎಮ್ಮೆಗಳಿದ್ದವು. ಜಗಳವಾಯಿತು, ಯಾರದೋ ಗುಡಿಸಲು ಸುಟ್ಟರು, ಪಂಚಾಯ್ತಿಯಾಯಿತು. ಕೊನೆಗೆ ಮನೆ ಮುರಿದವರ ಪಟ್ಟಿಯಲ್ಲಿ ಹೆಸರಿತ್ತೆಂದು ಮೊಫೀಜನಿಗೂ ಪಶ್ಚಿಮದ ಅಂಚಿನಲ್ಲಿ ಒಂದು ತುಂಡು ಸಿಕ್ಕಿತು. ತಗಡು, ಕಂಬ, ಬಾಗಿಲು ಈ ಸಲ ದೋಣಿ ಹತ್ತಿದವು.

ಸಖೀನಾ ಬೀಬಿ ಆ ಚರ್‌ನಲ್ಲಿ ಆರೇಳು ವರ್ಷ ಇದ್ದು ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿದ್ದ ಲುತ್ಫಾ ವಾಪಸು ಬಂದು ಕೆಲಸಕ್ಕೆ ಕೂತಾಗ ನಾನು ಅವಳ ಕೋಣೆಗೆ ಹೋದೆ. ಖಬರಸ್ತಾನ ಚರ್‌ನ ನಟ್ಟನಡುವೆ ಇದೆ ಎಂದಳು. ಅಲ್ಲಿನ ಜನ ಮನೆಗಳನ್ನು ಎಲ್ಲಿ ಬೇಕಾದರೂ ಕಟ್ಟುತ್ತಾರೆ, ಖಬರಸ್ತಾನಕ್ಕೆ ಮಾತ್ರ ಜಾಗ ನೋಡಿ ಗುರುತಿಡುತ್ತಾರೆ ಎಂದಳು. ಒಮ್ಮೆ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು, ಆಮೇಲೆ ಹೊಸ ಸೀಸೆಗಳ ತೂಕ ಬಂತೇ ಎಂದು ಕೇಳಿದಳು.

ತಾಲುಕ್ದಾರರು ನಿವೃತ್ತರಾದರು. ಅವರ ಕೋಣೆ ಈಗ ಲುತ್ಫಾಳದು. ಹೊಸ ಸಮೀಕ್ಷೆ ಬಂದಾಗಲೆಲ್ಲ ಮಾಡೆಲ್ಲನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹಿಂದೆ ಸರಿಯಿದ್ದ ಅಂಕಿಗಳು ಹೊಸ ವರ್ಷಗಳಿಗೆ ಒಗ್ಗುವುದಿಲ್ಲ. ಈಚೆಗೆ ಹೊಂದಿಸಿದಾಗ ಚರ್‌ನ ಪಶ್ಚಿಮದ ಅಂಚು ಸವೆಯುತ್ತದೆ ಎಂದು ಬಂತು. ಈ ಸಲ ಅಂಕಿಗಳನ್ನು ಹೇಗೆ ಕೂಡಿಸಿದರೂ ಎಲ್ಲ ಲೆಕ್ಕಗಳೂ ಅದನ್ನೇ ಹೇಳಿದವು. ಲುತ್ಫಾ ವರದಿಯನ್ನು ಸರ್ಕಾರಕ್ಕೆ ಕಳಿಸಿ, ಆಮೇಲೆ ಬಾಗಿಲು ಹಾಕಿಕೊಂಡು ಅಣ್ಣನಿಗೆ ಫೋನು ಮಾಡಿದಳು. ಅಂದು ಪಕ್ಕದ ಕೋಣೆಯವರು ಇಣುಕಿದ್ದು ಸುಮ್ಮನೆ ಅಲ್ಲ. ನಿಜವಾಗಿಯೂ ಜಗಳವೇ ಆಗುತ್ತಿತ್ತು.

"ಈ ಸಲ ನನ್ ಮನ್ಸು ಕೇಳು ಮಿಯಾಭಾಯ್. ಮಳೆಗಾಲಕ್ಕೆ ಮುಂಚೆ ಪೂರ್ವಕ್ಕೆ ಹೋಗು," ಎಂದು ಅವಳು ಕೂಗುತ್ತಿದ್ದಳು.

ಮೊಫೀಜ್ ಹೋದ. ಮನೆಯನ್ನು ನಾಲ್ಕನೆಯ ಸಲ ಬಿಚ್ಚಿದ. ನದಿ ಇನ್ನೂ ದೂರವಿರುವಾಗಲೇ ಬಿಚ್ಚಿದ್ದು ಅದೇ ಮೊದಲು. ನೆರೆಯವರು ತಂಗಿಯ ಮಾತು ಕೇಳಿ ಓಡಿದ ಗಂಡಸು ಎಂದು ನಕ್ಕರಂತೆ. ಆ ಮಳೆಗಾಲ ಅಂಚು ಕದಲಲಿಲ್ಲ, ಮರುವರ್ಷವೂ ಇಲ್ಲ. ಹೋದ ಚಳಿಗಾಲದಲ್ಲಿ ನಾನು ಲಾಂಚಿನಲ್ಲಿ ಹೋದಾಗ ಅಳೆದು ನೋಡಿದೆ. ನೀರಿನಡಿಯಲ್ಲಿ ದಂಡೆಯ ಬುಡ ಕೊರೆಯತೊಡಗಿದೆ, ಮೇಲೆ ಏನೂ ಕಾಣುವುದಿಲ್ಲ. ಅದನ್ನು ಲುತ್ಫಾಳಿಗೆ ಹೇಳಿದೆ. ಅವಳು ಅಣ್ಣನಿಗೂ ಹೇಳಿದಳು. ಅವನ ಹಳೆಯ ನೆರೆಯವರಿಗೂ ಹೇಳೆಂದಳು. ಅವರಲ್ಲಿ ಎರಡು ಮನೆಯವರು ಸರಿದಿದ್ದಾರೆ, ಉಳಿದವರು ನೋಡೋಣ ಎಂದಿದ್ದಾರೆ. ಪೂರ್ವದ ಕಡೆ ಕುಡಿಯುವ ನೀರು ಉಪ್ಪು, ಕೊಳ ತೋಡಿದರೆ ದಂಡೆ ಜಾರುತ್ತದೆ. ಮೊಫೀಜ್ ವಾರಕ್ಕೊಮ್ಮೆ ಫೋನು ಮಾಡಿ ಅದಕ್ಕಾಗಿ ತಂಗಿಯನ್ನು ಬೈಯುತ್ತಾನೆ. ಅವಳು ಪೂರ್ತಿ ಕೇಳಿಸಿಕೊಂಡು, ಎಮ್ಮೆಗಳು ಹೇಗಿವೆ ಎಂದು ಕೇಳುತ್ತಾಳೆ.